ಪಿಕಪ್ ಟ್ರಕ್ಕಿಗೆ ಲೆವೆಲಿಂಗ್ ಕಿಟ್: ನಾನು ಕೂರಿಸುವ ಕ್ರಮ

ಪಿಕಪ್ ಟ್ರಕ್ಕಿನ ಮೂತಿ ಕಾರ್ಖಾನೆಯಿಂದ ಬರುವಾಗಲೇ ಒಂದೂವರೆಯಿಂದ ಮೂರು ಇಂಚಿನಷ್ಟು ತಗ್ಗಿರುತ್ತದೆ. ಹಿಂದೆ ಹೊರೆ ಬಿದ್ದಾಗ ಗಾಡಿ ಸಮನಾಗಿ ನಿಲ್ಲಲಿ ಎಂದೇ ಹಾಗೆ ಮಾಡಿರುತ್ತಾರೆ. ಲೆವೆಲಿಂಗ್ ಕಿಟ್ ಆ ತಗ್ಗನ್ನು ತುಂಬುತ್ತದೆ. ಎರಡು ಸ್ಪೇಸರ್ (ಎತ್ತರ ಕೊಡುವ ದಪ್ಪ ಬಿಲ್ಲೆ), ಒಂದಿಷ್ಟು ನಟ್ಟು, ಅಷ್ಟೇ ಸಾಮಾನು. ಆದರೆ ಎಷ್ಟು ಎತ್ತರಿಸಬಹುದು ಅನ್ನುವುದನ್ನು ಗಾಡಿ ನಿಂತಾಗಿನ ಅಂದ ನೋಡಿ ಹೇಳಲು ಬರುವುದಿಲ್ಲ. ಚಕ್ರ ಪೂರ್ತಿ ಕೆಳಕ್ಕೆ ಜೋತುಬಿದ್ದಾಗ ಚಕ್ರ ತಿರುಗಿಸುವ ಆಕ್ಸಲ್, ಎಲ್ಲ ಕಡೆಗೂ ವಾಲಬಲ್ಲ ಗುಂಡಿನ ಕೀಲಾದ ಬಾಲ್ ಜಾಯಿಂಟ್, ಬ್ರೇಕ್ ಎಣ್ಣೆ ಹರಿಯುವ ಬ್ರೇಕ್ ಹೋಸ್ ಮೂರೂ ಎಷ್ಟು ಎಳೆದುಕೊಳ್ಳುತ್ತವೆ ಅನ್ನುವುದೇ ನನ್ನ ಲೆಕ್ಕ.

ಇಲ್ಲಿ ಹೇಳುತ್ತಿರುವುದು ಚಕ್ರವನ್ನು ಚಾಸಿಗೆ ಹಿಡಿದಿಡುವ ಆರ್ಮ್ ಮೇಲೊಂದು ಕೆಳಗೊಂದು, ನಡುವೆ ಕಾಯಿಲ್ ಸ್ಪ್ರಿಂಗ್ ಸುತ್ತಿದ ಸ್ಟ್ರಟ್ (ಶಾಕ್ ಅಬ್ಸಾರ್ಬರ್), ಜೊತೆಗೆ ಫೋರ್ ವೀಲ್ ಡ್ರೈವ್ ಇರುವ ಗಾಡಿಯ ಬಗ್ಗೆ. ಕಾಯಿಲ್ ಬದಲು ತಿರುಚಿಕೊಳ್ಳುವ ಸರಳು, ಅಂದರೆ ಟಾರ್ಷನ್ ಬಾರ್ ಇದ್ದರೆ ಅದನ್ನು ಹಿಡಿದಿರುವ ಕೀ ಬದಲಿಸಬೇಕು. ಮುಂದೆ ಎರಡೂ ಚಕ್ರಕ್ಕೆ ಒಂದೇ ಗಟ್ಟಿ ದಂಡ, ಅಂದರೆ ಸಾಲಿಡ್ ಆಕ್ಸಲ್ ಇದ್ದರೆ ಸ್ಪ್ರಿಂಗ್ ಮೇಲೆ ಸ್ಪೇಸರ್ ಕೂರುತ್ತದೆ. ಅವೆರಡರ ದಾರಿಯೇ ಬೇರೆ.

ಮೊದಲು ಅಳತೆ. ಸಮತಟ್ಟಾದ ನೆಲ, ಟೈರಿನಲ್ಲಿ ಸರಿಯಾದ ಗಾಳಿ. ನೆಲದಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದರೆ ಹಿಂದು ಮುಂದಿನ ವ್ಯತ್ಯಾಸ ಸಿಗುತ್ತದೆ. ಮುಂದಿನ ಎರಡು ಕಡೆ ಮಾತ್ರ ಹಬ್ಬಿನ ಮಧ್ಯದಿಂದ ಫೆಂಡರ್ ಅಂಚಿಗೂ ಅಳೆದು ಬರೆದಿಡುತ್ತೇನೆ, ಕೆಲಸ ಮುಗಿದ ಮೇಲೆ ಹೋಲಿಸಲು ಇದೇ ನಂಬಿಕಸ್ಥ ಅಳತೆ. ಟೈರಿನ ಸವೆತ, ಗಾಳಿ ಇದರಲ್ಲಿ ಸೇರುವುದಿಲ್ಲ. ವ್ಯತ್ಯಾಸ 60 ಮಿ.ಮೀ. ಬಂದರೆ 45 ಮಿ.ಮೀ. ಎತ್ತರಿಸಿ 15 ಉಳಿಸುತ್ತೇನೆ. ಟ್ರೇಲರ್ ಎಳೆಯುವ ಗಾಡಿಗೆ ಇನ್ನೂ ಹೆಚ್ಚು ಉಳಿಸಬೇಕು. ಇಲ್ಲದಿದ್ದರೆ ಹಿಂಭಾಗ ಕುಸಿದಾಗ ಮೂತಿ ಮೇಲೆದ್ದು ಸ್ಟೀರಿಂಗ್ ಹಗುರಾಗುತ್ತದೆ.

ಎರಡು ಇಂಚಿನ ಕಿಟ್ ತರಿಸಿದರೆ ಒಳಗಿರುವ ಸ್ಪೇಸರ್ ಒಂದೇ ಇಂಚು ದಪ್ಪ ಇರುತ್ತದೆ. ಅದು ಸರಿಯೇ. ಸ್ಟ್ರಟ್ಟಿನ ತಳ ಕೆಳ ಆರ್ಮಿನ ಸುಮಾರು ಮಧ್ಯದಲ್ಲಿ ಕೂರುವುದರಿಂದ ಮೇಲೆ 25 ಮಿ.ಮೀ. ಸೇರಿಸಿದರೆ ಚಕ್ರದ ಹತ್ತಿರ 45ರಿಂದ 50 ಮಿ.ಮೀ. ಎತ್ತರ ಬರುತ್ತದೆ. ಸ್ಪೇಸರಿನಲ್ಲಿ ಎರಡು ಜಾತಿ. ಸ್ಪ್ರಿಂಗನ್ನು ಒಳಗೇ ಒತ್ತಿ ಕೂರಿಸುವ ಪ್ರೀಲೋಡ್ ಸ್ಪೇಸರಿಗೆ ಸ್ಪ್ರಿಂಗ್ ಕಂಪ್ರೆಸರ್ ಬೇಕು. ಸ್ಟ್ರಟ್ಟಿನ ಉದ್ದ ಬದಲಾಗುವುದಿಲ್ಲ, ಆದರೆ ಕೆಳಕ್ಕೆ ಇಳಿಯುವ ಓಟ ಕಡಿಮೆಯಾಗಿ ಗುಂಡಿಯಲ್ಲಿ ಸ್ಟ್ರಟ್ ತುದಿಗೆ ಹೊಡೆದು ಧಡ್ ಅನ್ನುತ್ತದೆ. ಸ್ಟ್ರಟ್ಟಿನ ತಲೆಯ ಮೇಲೆ ಕೂರುವ ಸ್ಪೇಸರ್ ಸವಾರಿಯನ್ನು ಗಡುಸು ಮಾಡುವುದಿಲ್ಲ. ಅದಕ್ಕೂ ಬೆಲೆ ಇದೆ: ಸ್ಟ್ರಟ್ 25 ಮಿ.ಮೀ. ಉದ್ದವಾದಂತಾಗಿ, ಚಕ್ರ ಮೊದಲಿಗಿಂತ 45ರಿಂದ 50 ಮಿ.ಮೀ. ಹೆಚ್ಚು ಕೆಳಗೆ ಜೋಲುತ್ತದೆ. ಪೂರ್ತಿ ಒತ್ತಿದಾಗ ಬಂಪ್ ಸ್ಟಾಪ್ (ಆರ್ಮನ್ನು ತಡೆಯುವ ರಬ್ಬರ್) ತಾಗುವ ಮೊದಲೇ ಶಾಕ್ ತಳ ಮುಟ್ಟಬಹುದು. ನಾನು ಎರಡು ಇಂಚಿನವರೆಗೆ ತಲೆಯ ಸ್ಪೇಸರನ್ನೇ ಹಾಕುತ್ತೇನೆ. ಎರಡೂವರೆ ದಾಟಬೇಕೆಂದರೆ ಸ್ಪೇಸರ್ ಬಿಟ್ಟು ಉದ್ದದ ಸ್ಟ್ರಟ್, ಹೊಸ ಅಪ್ಪರ್ ಆರ್ಮ್ ಕೊಳ್ಳುವುದೇ ಸರಿ.

ಹಿಂದಿನ ದಿನವೇ ಎಲ್ಲ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಟ್ಟು, ವೀಲ್ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಚಾಸಿಯ ಕೆಳಗೆ ಎರಡು ಜ್ಯಾಕ್ ಸ್ಟ್ಯಾಂಡ್ ಇಟ್ಟು ಮುಂದಿನ ಎರಡೂ ಚಕ್ರ ಬಿಚ್ಚಿ. ಒಂದೇ ಬದಿ ಎತ್ತಿ ಮಾಡಬೇಡಿ. ತಿರುವಿನಲ್ಲಿ ಗಾಡಿಯ ವಾಲಿಕೆ ತಡೆಯುವ ಸ್ಟೆಬಿಲೈಜರ್ ಬಾರ್ ಎರಡು ಬದಿಗೂ ಕಟ್ಟಿರುವುದರಿಂದ ನೆಲದ ಮೇಲಿರುವ ಚಕ್ರ ಬಿಚ್ಚಿದ ಬದಿಯನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಅದರ ಲಿಂಕುಗಳನ್ನು ಎರಡೂ ಕಡೆ ಬಿಚ್ಚಬೇಕು. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಕ್ಲಿಪ್ಪುಗಳನ್ನು ನಕಲ್ (ಚಕ್ರದ ಹಬ್ ಕೂರುವ ಲೋಹದ ತುಂಡು) ಮತ್ತು ಅಪ್ಪರ್ ಆರ್ಮಿನಿಂದ ಬಿಡಿಸಿ.

ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಸರಳಿನ ತುದಿಯಾದ ಟೈ ರಾಡ್ ಎಂಡನ್ನು ಕವಲು ಕಬ್ಬಿಣ ತುರುಕಿ ಎಬ್ಬಿಸಬೇಡಿ, ಅದರ ರಬ್ಬರ್ ಹೊದಿಕೆ, ಅಂದರೆ ಬೂಟ್ ಹರಿಯುತ್ತದೆ. ನಟ್ಟನ್ನು ತುದಿಯ ಕೆಲವು ಎಳೆಗಳಲ್ಲಿ ಉಳಿಸಿ, ಅದು ಕೂತಿರುವ ನಕಲ್ಲಿನ ಕಿವಿಯ ಬದಿಗೆ ಸುತ್ತಿಗೆಯಿಂದ ಜೋರಾಗಿ ಹೊಡೆಯಿರಿ. ಕಚ್ಚಿಕೊಂಡ ಟೇಪರ್ (ತುದಿಗೆ ಸಣ್ಣಗಾಗುವ ಸ್ಟಡ್) ತಾನೇ ಬಿಟ್ಟುಕೊಳ್ಳುತ್ತದೆ. ಅಪ್ಪರ್ ಬಾಲ್ ಜಾಯಿಂಟಿಗೂ ಇದೇ ಕ್ರಮ. ಇಲ್ಲಿ ನಟ್ಟು ಉಳಿಸಲೇಬೇಕು. ಆರ್ಮಿನ ಬುಶ್ (ಬುಡದ ರಬ್ಬರ್) ಗಾಡಿ ನಿಂತ ಎತ್ತರದಲ್ಲಿ ಬಿಗಿಯಾಗಿರುವುದರಿಂದ ಈಗ ತಿರುಚಿಕೊಂಡಿರುತ್ತದೆ, ಜಾಯಿಂಟ್ ಬಿಟ್ಟ ಗಳಿಗೆಯಲ್ಲಿ ಆರ್ಮ್ ಮೇಲಕ್ಕೆ ಚಿಮ್ಮುತ್ತದೆ. ಬಿಟ್ಟ ಮೇಲೆ ನಕಲ್ಲನ್ನು ಹೊರಕ್ಕೆ ವಾಲಲು ಬಿಡದೆ ತಂತಿಯಿಂದ ಕಟ್ಟಿ. ಅದು ವಾಲಿದರೆ ಭಾರವೆಲ್ಲ ಬ್ರೇಕ್ ಹೋಸಿನ ಮೇಲೆ ಬೀಳುತ್ತದೆ, ಆಕ್ಸಲ್ಲಿನ ಒಳ ಜಾಯಿಂಟ್ ಕಳಚಿಕೊಂಡರೆ ಇಡೀ ಬೂಟ್ ಬಿಚ್ಚಿ ಕೂರಿಸುವ ಕೆಲಸ ಮೈಮೇಲೆ ಬರುತ್ತದೆ.

ಸ್ಟ್ರಟ್ ಬಿಚ್ಚುವ ಮುನ್ನ ಅದರ ತಲೆಗೂ ತಳಕ್ಕೂ ಹೊರಮುಖದ ಗುರುತನ್ನು ಬಣ್ಣದಿಂದ ಹಾಕಿ. ತಳದ ಬೋಲ್ಟ್, ಆಮೇಲೆ ತಲೆಯ ಸುತ್ತಲಿನ ಮೂರು ನಟ್ಟು. ನಡುವಿನ ದೊಡ್ಡ ನಟ್ಟಿಗೆ ಯಾವ ಕಾರಣಕ್ಕೂ ಪಾನಾ ಹಾಕಬೇಡಿ. ಒತ್ತಿ ಹಿಡಿದಿರುವ ಸ್ಪ್ರಿಂಗ್ ಆ ಒಂದು ನಟ್ಟಿನಲ್ಲಿ ನಿಂತಿದೆ, ಬಿಚ್ಚಿದರೆ ಜೀವಕ್ಕೇ ಅಪಾಯ.

ಸ್ಪೇಸರನ್ನು ಟೇಬಲ್ ಮೇಲೆಯೇ ಸ್ಟ್ರಟ್ಟಿಗೆ ಬಿಗಿಯುವುದು ಸುಲಭ. ಅನೇಕ ಸ್ಪೇಸರುಗಳಲ್ಲಿ ಕೆಳಗಿನ ತೂತುಗಳಿಗೂ ಮೇಲಿನ ಸ್ಟಡ್ಡುಗಳಿಗೂ 60 ಡಿಗ್ರಿ ವ್ಯತ್ಯಾಸ ಇರುತ್ತದೆ, ಹಾಗಾಗಿ ಸ್ಟ್ರಟ್ ತಿರುಗಿಸಿ ತಳದ ಬುಶ್ ಮೊದಲಿನ ದಿಕ್ಕಿಗೇ ಬರುವಂತೆ ಹೊಂದಿಸಬೇಕು. ಹಳೆಯ ಸ್ಟಡ್ಡಿನ ತುದಿ ಸ್ಪೇಸರಿನ ಮೇಲ್ಮೈಗಿಂತ ಮೇಲೆ ಚಾಚಿದೆಯೇ ಎಂದು ಪಟ್ಟಿಯೊಂದನ್ನು ಅಡ್ಡ ಇಟ್ಟು ನೋಡಿ. ಒಂದು ಮಿಲಿಮೀಟರ್ ಚಾಚಿದ್ದರೂ ಸ್ಪೇಸರ್ ಚಾಸಿಯ ತಟ್ಟೆಗೆ ಅಂಟಿ ಕೂರುವುದಿಲ್ಲ, ಮುಂದೆ ಕಟಕಟ ಶಬ್ದ ಅಲ್ಲಿಂದಲೇ ಶುರು. ಕಿಟ್ಟಿನ ಸೂಚನೆ ಒಪ್ಪಿದರೆ ಮಾತ್ರ ತುದಿ ಕತ್ತರಿಸಿ.

ಉದ್ದವಾದ ಸ್ಟ್ರಟ್ ಈಗ ಹಳೆಯ ಜಾಗಕ್ಕೆ ಹಿಡಿಸುವುದಿಲ್ಲ. ಕೆಳ ಆರ್ಮಿನ ಮೇಲೆ ಉದ್ದದ ಹಾರೆಯಿಂದ ಒತ್ತಿ ಹಿಡಿದು ಒಳಗೆ ಸೇರಿಸಬೇಕು. ಆಗಲೂ ಬಾರದಿದ್ದರೆ ಕೆಳ ಆರ್ಮಿನ ಬುಶ್ ಬೋಲ್ಟುಗಳನ್ನು ಸಡಿಲಿಸಿ, ಆದರೆ ಅಲೈನ್‌ಮೆಂಟ್ ಕ್ಯಾಮ್ (ಚಕ್ರದ ಕೋನ ಹೊಂದಿಸುವ ಬಿಲ್ಲೆ) ಇದ್ದ ಜಾಗಕ್ಕೆ ಮೊದಲೇ ಗುರುತು ಹಾಕಿರಬೇಕು. ಅಪ್ಪರ್ ಆರ್ಮನ್ನು ರ‍್ಯಾಚೆಟ್ ಪಟ್ಟಿಯಿಂದ ಕೆಳಗೆಳೆದು, ಕೆಳ ಆರ್ಮಿಗೆ ಜ್ಯಾಕ್ ಕೊಟ್ಟು ನಕಲ್ಲನ್ನು ಮೇಲಕ್ಕೆತ್ತಿದರೆ ಬಾಲ್ ಜಾಯಿಂಟ್ ಕೂರುತ್ತದೆ. ನಟ್ಟಿನ ಜೊತೆ ಸ್ಟಡ್ಡೂ ತಿರುಗುತ್ತಿದ್ದರೆ ಜ್ಯಾಕನ್ನು ಇನ್ನಷ್ಟು ಎತ್ತಿ, ಟೇಪರ್ ಕಚ್ಚಿಕೊಳ್ಳುತ್ತದೆ. ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಮುಂದಕ್ಕೆ ಬಿಗಿಯಿರಿ, ಹಿಂದಕ್ಕೆ ಬಿಡಬೇಡಿ. ಪಿನ್ ಹೊಸದೇ ಆಗಿರಲಿ. ಟೈ ರಾಡ್ ಎಂಡ್, ಸ್ಟೆಬಿಲೈಜರ್ ಲಿಂಕು, ಹೋಸ್ ಮತ್ತು ವೈರಿನ ಕ್ಲಿಪ್ಪುಗಳನ್ನೂ ಮೊದಲಿನಂತೆ ಜೋಡಿಸಿ.

ಚಕ್ರ ಹಾಕುವ ಮುನ್ನ ಜ್ಯಾಕ್ ಇಳಿಸಿ ಎರಡೂ ಬದಿಯನ್ನು ಪೂರ್ತಿ ಜೋಲುಬಿಟ್ಟು ನೋಡುವುದು ನನ್ನ ಪ್ರಕಾರ ಈ ಕೆಲಸದ ಮುಖ್ಯ ಭಾಗ. ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ, ಆಕ್ಸಲ್ಲನ್ನು ಕೈಯಲ್ಲೇ ಸುತ್ತಿಸಿ. ಎಲ್ಲಾದರೂ ಬಿಗಿಯಾಗಿ ಹಿಡಿದು ಬಿಡುವಂತೆ ಅನಿಸಿದರೆ ಜಾಯಿಂಟ್ ತನ್ನ ಕೋನದ ಮಿತಿಗೆ ಬಂದಿದೆ. ಬೂಟಿನ ಮಡಿಕೆಗಳು ಮೇಲ್ಬದಿಯಲ್ಲಿ ಹಿಗ್ಗಿ ಕೆಳಬದಿಯಲ್ಲಿ ಒಂದಕ್ಕೊಂದು ಉಜ್ಜುತ್ತಿದ್ದರೆ ಅವು ಅಲ್ಲೇ ಸೀಳಿ ಗ್ರೀಸ್ ಚೆಲ್ಲುತ್ತವೆ. ಅಪ್ಪರ್ ಆರ್ಮಿಗೂ ಕಾಯಿಲಿಗೂ ನಡುವೆ ಬೆರಳು ಹಾಯಬೇಕು. ಬ್ರೇಕ್ ಹೋಸ್ ತಂತಿಯಂತೆ ಬಿಗಿದಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ತೆಳ್ಳನೆಯ ಸ್ಪೇಸರಿಗೆ ಇಳಿಯಿರಿ.

ಆರ್ಮಿನ ಬುಶ್ ಬೋಲ್ಟುಗಳನ್ನು ಗಾಡಿ ತನ್ನ ಚಕ್ರದ ಮೇಲೆ ನಿಂತು ನಾಲ್ಕಾರು ಸಲ ಕುಲುಕಿದ ಮೇಲೆಯೇ ಕೊನೆಯ ಟಾರ್ಕಿಗೆ (ಬಿಗಿತದ ಅಳತೆಗೆ) ತರಬೇಕು. ಜೋತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟಾರ್ಕನ್ನು ಆಯಾ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ಲಿನಿಂದಲೇ ತೆಗೆದುಕೊಳ್ಳಿ. ವೀಲ್ ನಟ್ಟನ್ನೇ ನೋಡಿ: ಈಗಿನ ಫೋರ್ಡ್ ಎಫ್-150ಕ್ಕೆ 204 ನ್ಯೂಟನ್ ಮೀಟರ್, 2016ರಿಂದ 2023ರವರೆಗಿನ ಟೊಯೋಟಾ ಟಕೋಮಾಕ್ಕೆ ಅಲಾಯ್ ಚಕ್ರದಲ್ಲಿ 113. ಅಂದಾಜು ಇಲ್ಲಿ ನಡೆಯುವುದಿಲ್ಲ.

ಅಲೈನ್‌ಮೆಂಟ್ ಮಾಡಿಸುವವರೆಗೆ ದೂರ ಓಡಿಸಬೇಡಿ. ಎತ್ತರಿಸಿದಾಗ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಬದಲಾಗಿ ಟೈರ್ ತಿನ್ನುತ್ತದೆ. ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಸಾಮಾನ್ಯವಾಗಿ ಕಡಿಮೆಯಾಗುವುದರಿಂದ ಹೆದ್ದಾರಿಯಲ್ಲಿ ಗಾಡಿ ಅಲೆದಾಡುತ್ತದೆ, ಅಂಗಡಿಯವರಿಗೆ ಟೋ ಜೊತೆ ಕ್ಯಾಸ್ಟರನ್ನೂ ಹೊಂದಿಸಲು ಹೇಳಿ. ಕ್ಯಾಮರಾ, ರೇಡಾರ್ ಇರುವ ಗಾಡಿಗೆ ಅವುಗಳ ಕ್ಯಾಲಿಬ್ರೇಶನ್ ಕೂಡ ಬೇಕಾಗಬಹುದು. ಹೆಡ್‌ಲೈಟ್ ಮರೆಯುವವರೇ ಹೆಚ್ಚು. ಚಕ್ರಗಳ ನಡುವಿನ ಅಂತರ 3.7 ಮೀಟರ್ ಇರುವ ಗಾಡಿಯ ಮೂತಿ 50 ಮಿ.ಮೀ. ಎದ್ದರೆ, 7.6 ಮೀಟರ್ ದೂರದ ಗೋಡೆಯಲ್ಲಿ ವಾಲಿಕೆಯೊಂದರಿಂದಲೇ ಬೆಳಕು ಸುಮಾರು 10 ಸೆಂ.ಮೀ. ಮೇಲೇರುತ್ತದೆ. ಎದುರಿನವನ ಕಣ್ಣಿಗೆ ಅದು ನೇರ ಹೊಡೆತ. ದೀಪ ಈಗ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಳೆದು, ಅದಕ್ಕೆ ತಕ್ಕಂತೆ ತಿರುಪಿನಿಂದ ಇಳಿಸಿ.

150 ಕಿ.ಮೀ. ಓಡಿದ ಮೇಲೆ ವೀಲ್ ನಟ್, ಸ್ಪೇಸರಿನ ಮೇಲಿನ ಮೂರು ನಟ್, ಲಿಂಕುಗಳ ಬಿಗಿಯನ್ನು ಮತ್ತೆ ನೋಡಿ. ಉಬ್ಬಿನ ಮೇಲೆ ಕಟಕ್ ಅಂದರೆ ಮೊದಲು ಸ್ಟೆಬಿಲೈಜರ್ ಲಿಂಕ್, ಆಮೇಲೆ ಸ್ಪೇಸರ್ ನಟ್. ತಿರುವಿನಲ್ಲಿ ಮಾತ್ರ ಟಕ್ ಟಕ್ ಬಂದರೆ ಆಕ್ಸಲ್ಲಿನ ಹೊರ ಜಾಯಿಂಟನ್ನು ನೋಡಿ.