ಎ.ಸಿ. ತಂಪು ಕೊಡದಿದ್ದರೆ ಗ್ಯಾಸಿನ ಮಾತು ಕೊನೆಗೆ

ಎ.ಸಿ. ತಣ್ಣಗೆ ಮಾಡುತ್ತಿಲ್ಲ ಎಂದ ಕೂಡಲೇ ‘ಗ್ಯಾಸ್ ಖಾಲಿಯಾಗಿರಬೇಕು’ ಎನ್ನುವುದು ವಾಡಿಕೆಯಾಗಿಬಿಟ್ಟಿದೆ. ಗ್ಯಾಸು ಪೆಟ್ರೋಲಿನ ಹಾಗೆ ಉರಿದು ತೀರುವ ವಸ್ತುವಲ್ಲ. ತಾಮ್ರದ ಕೊಳವೆಯೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಮ್ಮಿಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಅದಕ್ಕೇ ಸ್ಪ್ಲಿಟ್ ಎ.ಸಿ. ನೋಡುವಾಗ ನಾನು ಗ್ಯಾಸಿನ ಒತ್ತಡ ಅಳೆಯುವ ಗೇಜನ್ನು ಚೀಲದಿಂದ ತೆಗೆಯುವುದು ಕಟ್ಟಕಡೆಗೆ. ಮೊದಲು ಗಾಳಿ, ಆಮೇಲೆ ನೀರು, ಆಮೇಲೆ ಕರೆಂಟು, ಎಲ್ಲ ಮುಗಿದ ಮೇಲೆ ಗ್ಯಾಸು.

ಬಿಚ್ಚುವ ಮುಂಚೆ ಅಳೆಯಬೇಕು. ಕೈಯೊಡ್ಡಿ ನೋಡಿ ‘ತಂಪಿಲ್ಲ’ ಎನ್ನುವುದು ಲೆಕ್ಕಕ್ಕೆ ಬಾರದು. ರಿಮೋಟ್ ಕೂಲ್ ಮೋಡಿನಲ್ಲೇ ಇದೆಯೇ ನೋಡಿಕೊಳ್ಳುತ್ತೇನೆ. ಡ್ರೈ ಅಥವಾ ಫ್ಯಾನ್ ಮೋಡಿಗೆ ಹೋಗಿ ಕೂತಿರುವುದೂ ಉಂಟು. 18 ಡಿಗ್ರಿಗೆ ಇಟ್ಟು, ಫ್ಯಾನನ್ನು ಪೂರ್ತಿ ಜೋರು ಮಾಡಿ, 15 ನಿಮಿಷ ಓಡಿಸಿ, ಗಾಳಿ ಒಳಗೆ ಹೋಗುವ ಮೇಲ್ಭಾಗದಲ್ಲೊಮ್ಮೆ, ಹೊರಬರುವ ಬಾಯಲ್ಲೊಮ್ಮೆ ಥರ್ಮಾಮೀಟರ್ ಹಿಡಿಯುತ್ತೇನೆ. ಎರಡರ ನಡುವೆ 8ರಿಂದ 12 ಡಿಗ್ರಿ ವ್ಯತ್ಯಾಸವಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ. ಆದರೂ ಕೋಣೆ ಬಿಸಿಯಾಗಿಯೇ ಇದೆಯೆಂದರೆ ಬಿಸಿಲು ಬೀಳುವ ಗಾಜು, ಬಾಗಿಲ ಸಂದು, ಕೋಣೆಗೆ ಸಾಲದ ಟನ್ನು ಇವನ್ನು ನೋಡಬೇಕೇ ಹೊರತು ಯಂತ್ರವನ್ನಲ್ಲ. ತೇವ ಹೆಚ್ಚಿರುವ ಗಾಳಿಯಲ್ಲಿ ಈ ವ್ಯತ್ಯಾಸ ಒಂದೆರಡು ಡಿಗ್ರಿ ಕಮ್ಮಿ ಬರುತ್ತದೆ, ಏಕೆಂದರೆ ತಂಪಿನ ಒಂದು ಪಾಲು ನೀರಾವಿಯನ್ನು ನೀರು ಮಾಡುವುದಕ್ಕೇ ಖರ್ಚಾಗುತ್ತದೆ.

ವ್ಯತ್ಯಾಸ ಸಾಲದಿದ್ದರೆ ಗಾಳಿಯ ದಾರಿ ಹಿಡಿಯುತ್ತೇನೆ. ಫಿಲ್ಟರ್ ತೊಳೆಯುವುದು ಎಲ್ಲರಿಗೂ ಗೊತ್ತು: ದಿನವಿಡೀ ಓಡುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ, ಸೋಪಿನ ನೀರಲ್ಲಿ, ನೆರಳಲ್ಲಿ ಒಣಗಿಸಿ. ಕಣ್ಣಿಗೆ ಬೀಳದೆ ಉಳಿಯುವುದು ಬ್ಲೋವರ್ ಚಕ್ರ. ಗಾಳಿ ಬರುವ ಬಾಯೊಳಗೆ ಟಾರ್ಚ್ ಬಿಟ್ಟು ಆ ಉದ್ದನೆಯ ಉರುಳೆಯನ್ನು ಬೆರಳಿಂದ ನಿಧಾನಕ್ಕೆ ತಿರುಗಿಸಿ ನೋಡಿ (ಕರೆಂಟು ತೆಗೆಯುವ ಸ್ವಿಚ್ಚಾದ ಎಂಸಿಬಿ ಇಳಿಸಿದ ಮೇಲೆ). ಒಂದೊಂದು ರೆಕ್ಕೆಯ ಒಳಮೈಗೂ ಕಂಬಳಿಯಂತೆ ಕರಿ ಧೂಳು ಅಂಟಿರುತ್ತದೆ. ರೆಕ್ಕೆಯ ಬಾಗು ಧೂಳಿಂದ ತುಂಬಿತೆಂದರೆ ಚಕ್ರ ಎಷ್ಟೇ ಜೋರಾಗಿ ತಿರುಗಿದರೂ ಗಾಳಿಯನ್ನು ಬಾಚಿ ತಳ್ಳಲಾರದು. ಫಿಲ್ಟರ್ ಫಳಫಳ, ಗಾಳಿ ಮಾತ್ರ ಸೊರಗಿದ್ದು ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಇದೇ. ಸರ್ಕ್ಯೂಟ್ ಬೋರ್ಡಿಗೆ ಪ್ಲಾಸ್ಟಿಕ್ ಸುತ್ತಿ, ಕೆಳಗೆ ನೀರಿಳಿಯುವ ಚೀಲ ಕಟ್ಟಿ, ಕಾಯಿಲ್ ಕ್ಲೀನರ್ ಹೊಡೆದು ಹತ್ತು ನಿಮಿಷ ನೆನೆಸಿ, ಮೆತ್ತನೆ ಬ್ರಷ್ಷಿನಿಂದ ರೆಕ್ಕೆ ರೆಕ್ಕೆಗೂ ಕೈಯಾಡಿಸಬೇಕು. ಬೇಸರದ ಕೆಲಸ, ಅಡ್ಡದಾರಿ ಇಲ್ಲ.

ಒಳಗಿನ ಕಾಯಿಲಿನ (ಗ್ಯಾಸು ಹರಿಯುವ ಕೊಳವೆ ಮತ್ತು ರೆಕ್ಕೆಗಳ ಜಾಲ) ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಅದನ್ನು ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ. ಅಲ್ಯೂಮಿನಿಯಂ ರೆಕ್ಕೆಯ ಹಿಂದೆಯೇ ತೆಳು ತಾಮ್ರದ ಕೊಳವೆ ಇದೆ. ಬರೀ ಫ್ಯಾನ್ ಓಡಿಸಿ ಪೂರ್ತಿ ಕರಗಲು ಬಿಡಿ, ಗಂಟೆ ಎರಡು ಗಂಟೆ ಹಿಡಿಯಬಹುದು. ಆಮೇಲೆ ಮತ್ತೆ ಕೂಲ್ ಹಾಕಿ, ಮುಂದಿನ ಮುಚ್ಚಳ ಎತ್ತಿ, ಬಿಳುಪು ಎಲ್ಲಿಂದ ಶುರುವಾಗುತ್ತದೆ ಎಂದು ಕಾಯುತ್ತೇನೆ. ಕಾಯಿಲಿನ ಮೈತುಂಬ ಒಂದೇ ಸಮ ಹರಡಿದರೆ ಗಾಳಿ ಸಾಲದು. ಸಣ್ಣ ಕೊಳವೆ ಒಳಬರುವ ಮೂಲೆಯಲ್ಲಿ ನಾಲ್ಕು ಸಾಲು ಮಾತ್ರ ಬೆಳ್ಳಗಾಗಿ, ಉಳಿದ ಭಾಗ ಒಣಗಿ ಬೆಚ್ಚಗೇ ಇದ್ದರೆ ಗ್ಯಾಸು ಕಮ್ಮಿ ಇರಬಹುದು. ಒತ್ತಡ ಇಳಿದು ಗ್ಯಾಸು ಸೊನ್ನೆ ಡಿಗ್ರಿಗಿಂತ ಕೆಳಗೆ ಕುದಿಯುತ್ತದೆ, ಆ ಮೂಲೆಯಲ್ಲೇ ಎಲ್ಲ ಆವಿಯಾಗಿ ಮುಗಿದುಹೋಗುತ್ತದೆ. ಗೇಜ್ ಹಚ್ಚದೆ ಸಿಗುವ ಸುಳಿವುಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ಔಟ್‌ಡೋರ್ ಯೂನಿಟ್ಟಿನ ಕಾಯಿಲನ್ನು ಒಳಗಿಂದ ಹೊರಗೆ ತೊಳೆಯಬೇಕು. ಹೊರಗಿಂದ ಹೊಡೆದರೆ ಧೂಳು ಇನ್ನೂ ಆಳಕ್ಕೆ ಸೇರುತ್ತದೆ. ಸಾಧಾರಣ ಪೈಪಿನ ನೀರು ಸಾಕು. ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆಗಳೆಲ್ಲ ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಹಿಂದೆ ಒಂದು ಗೇಣು, ಮುಂದೆ ಎರಡು ಮೊಳವಾದರೂ ಬಯಲಿರಲಿ. ಇಲ್ಲದಿದ್ದರೆ ತಾನು ಬಿಟ್ಟ ಬಿಸಿಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ.

ಒಳಗೆ ನೀರು ತೊಟ್ಟಿಕ್ಕುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ, ಮದ್ದೂ ಬೇರೆ. ಡ್ರೈನ್ ಪೈಪಿನಲ್ಲಿ ಲೋಳೆಯಂಥ ಪಾಚಿ ಕಟ್ಟಿದ್ದರೆ ಹೊರಗಿನ ತುದಿಗೆ ನೀರೆಳೆಯುವ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ ಎರಡು ನಿಮಿಷ ಎಳೆದರೆ ಇಡೀ ಲೋಳೆ ಒಂದೇ ಸಲ ಹೊರಬರುತ್ತದೆ. ಆಮೇಲೆ ಕಾಯಿಲಿನ ಕೆಳಗೆ ನೀರು ಹಿಡಿಯುವ ಟ್ರೇಗೆ ಒಂದು ಲೀಟರ್ ನೀರು ನಿಧಾನವಾಗಿ ಹೊಯ್ದು, ಅಷ್ಟೂ ಹೊರಗೆ ಬಂತೇ ನೋಡಬೇಕು. ಪೈಪು ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರಾಗಿರಬೇಕು. ಅದರ ತುದಿ ಬಕೆಟ್ಟಿನ ನೀರಲ್ಲಿ ಮುಳುಗಿದ್ದರೆ ಒಳಗಿನ ಗಾಳಿ ಹೊರಹೋಗಲಾಗದೆ ನೀರು ಟ್ರೇಯಲ್ಲೇ ನಿಂತು ತುಳುಕುತ್ತದೆ. ಎರಡನೆಯದು, ಮೇಲೆ ಹೇಳಿದ ಮಂಜುಗಡ್ಡೆ ಕರಗಿ ಬೀಳುವ ನೀರು. ಅದಕ್ಕೆ ಡ್ರೈನ್ ತೊಳೆದು ಪ್ರಯೋಜನವಿಲ್ಲ. ಮೂರನೆಯದು, ಕೊಳವೆಗೆ ಸುತ್ತಿದ ಫೋಮು ಹರಿದು ಬರೀ ತಾಮ್ರ ಬೆವರುವುದು. ಗೋಡೆಯ ಮೇಲೆ ಉದ್ದಕ್ಕೆ ಕಲೆ ಇಳಿದಿದ್ದರೆ ಮೊದಲು ಇದನ್ನು ನೋಡಿ.

ಈಗ ಕರೆಂಟು. ಹೊರಗಿನ ಫ್ಯಾನ್ ತಿರುಗುತ್ತದೆ, ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು) ‘ಗುಂಯ್’ ಎಂದು ಕೆಲವು ಸೆಕೆಂಡು ನರಳಿ ‘ಟಕ್’ ಎಂದು ನಿಲ್ಲುತ್ತದೆ, ಒಂದಷ್ಟು ನಿಮಿಷಕ್ಕೆ ಮತ್ತೆ ಅದೇ ಕತೆ. ಇನ್ವರ್ಟರ್ (ಕಂಪ್ರೆಸರಿನ ವೇಗವನ್ನು ತಾನೇ ಏರಿಳಿಸುವ ಬಗೆ) ಅಲ್ಲದ ಯಂತ್ರವಾದರೆ ನಾನು ನೇರ ಕೆಪಾಸಿಟರಿಗೇ, ಅಂದರೆ ಕಂಪ್ರೆಸರ್ ಹತ್ತಲು ನೆರವಾಗುವ ಬಿಡಿಭಾಗಕ್ಕೇ, ಕೈ ಹಾಕುತ್ತೇನೆ. ಎಂಸಿಬಿ ಇಳಿಸಿ, ಟರ್ಮಿನಲ್ಲಿನಲ್ಲಿ ಕರೆಂಟಿಲ್ಲವೆಂದು ಮೀಟರಿನಲ್ಲಿ ಖಾತ್ರಿ ಮಾಡಿಕೊಂಡು, 20 ಕಿಲೋಓಮ್, 5 ವ್ಯಾಟಿನ ರೆಸಿಸ್ಟರನ್ನು ಕೆಪಾಸಿಟರಿನ ಎರಡು ತುದಿಗೆ ಹತ್ತು ಸೆಕೆಂಡು ಹಿಡಿದು ಚಾರ್ಜ್ ಇಳಿಸಬೇಕು. ಮೂರು ತುದಿಯದ್ದಾದರೆ ಎರಡಕ್ಕೂ ಹಂಚಿಕೆಯಾದ ಕಾಮನ್‌ನಿಂದ ಉಳಿದ ಎರಡಕ್ಕೂ ಬೇರೆ ಬೇರೆಯಾಗಿ. ತಂತಿ ಕೀಳುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ. ಯಾವ ಬಣ್ಣ ಎಲ್ಲಿತ್ತೆಂದು ಆಮೇಲೆ ನೆನಪಾಗುವುದಿಲ್ಲ. ಮೈಮೇಲೆ 35 ಮೈಕ್ರೋಫ್ಯಾರಡ್, ಐದು ಶೇಕಡಾ ಹೆಚ್ಚುಕಮ್ಮಿ ಎಂದು ಬರೆದಿದ್ದರೆ ಮೀಟರು 33.25ಕ್ಕಿಂತ ಕೆಳಗೆ ತೋರಿಸಬಾರದು. 28 ತೋರಿಸಿದರೆ ತೆಗೆದು ಬಿಸಾಡಿ. ತಲೆ ಉಬ್ಬಿದ್ದರೆ ಅಳೆಯುವ ಗೋಜೂ ಬೇಡ. ಹೊಸದರ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿದ್ದರೆ ತೊಂದರೆಯಿಲ್ಲ.

ಕೆಪಾಸಿಟರ್ ಸರಿಯಿದ್ದೂ ನರಳಿದರೆ, ಕಂಪ್ರೆಸರ್ ಹತ್ತುವ ಕ್ಷಣದಲ್ಲಿ ವೋಲ್ಟೇಜ್ ನೋಡಿ. 230 ವೋಲ್ಟಿನ ಯಂತ್ರಕ್ಕೆ ಆಗ 200ಕ್ಕಿಂತ ಕೆಳಗೆ ಕುಸಿದರೆ ತಪ್ಪು ಸಾಮಾನ್ಯವಾಗಿ ಯಂತ್ರದ್ದಲ್ಲ, ತೆಳು ವೈರಿನದ್ದೋ ಸಡಿಲ ಸ್ಕ್ರೂವಿನದ್ದೋ. ಟರ್ಮಿನಲ್ ಪಟ್ಟಿಯಲ್ಲಿ ಕರಕಲಾದ ತುದಿ ಕಂಡರೆ ಸ್ಕ್ರೂ ಬಿಗಿದು ಸುಮ್ಮನಾಗಬೇಡಿ; ಕಪ್ಪಾದಷ್ಟನ್ನು ಕತ್ತರಿಸಿ ಹೊಸ ಲಗ್ ಒತ್ತಿ.

ಇನ್ವರ್ಟರ್ ಯಂತ್ರದ ಬೋರ್ಡು ಬೇರೆ ಜಾತಿ. ಕರೆಂಟು ತೆಗೆದ ಮೇಲೂ ಅದರ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿನ ಮೇಲೆ ಡಿಸಿ ಉಳಿದಿರುತ್ತದೆ. ಹತ್ತು ನಿಮಿಷ ಕಾದು, ಅಳೆದು ನೋಡದೆ ಕೈಯಿಡಬಾರದು. ಅಲ್ಲಿ ಮನೆಯವರೇ ಪರೀಕ್ಷಿಸಬಹುದಾದದ್ದು ಉಷ್ಣತೆ ಅಳೆಯುವ ಸೆನ್ಸರ್ ಒಂದೇ. ಹಲವು ಯಂತ್ರಗಳ ಸೆನ್ಸರ್ 25 ಡಿಗ್ರಿಯಲ್ಲಿ 10 ಕಿಲೋಓಮ್ ಆಸುಪಾಸು ತೋರಿಸುತ್ತದೆ, ಕೆಲವಕ್ಕೆ ಬೇರೆ ಅಂಕಿ ಇರುತ್ತದೆ. ಅಂಕಿಗಿಂತ ಅದರ ನಡೆ ಮುಖ್ಯ: ಮುಷ್ಟಿಯಲ್ಲಿ ಹಿಡಿದರೆ ಮೀಟರು ಮೆಲ್ಲಗೆ ಇಳಿಯಬೇಕು, ಬಿಟ್ಟರೆ ಏರಬೇಕು. ನೆಗೆದಾಡಿದರೆ ಅಥವಾ ಅಲುಗದೇ ನಿಂತರೆ ಸೆನ್ಸರ್ ಸತ್ತಿದೆ.

ಹೀಟ್ ಮೋಡಿನಲ್ಲಿ ಬಿಸಿಗಾಳಿಯನ್ನೂ ಕೊಡುವ ಎ.ಸಿ.ಗಳ ಮೇಲಿನ ದೂರುಗಳಲ್ಲಿ ಕೆಲವು ದೂರೇ ಅಲ್ಲ. ಹೀಟ್ ಹಾಕಿದ ಮೊದಲ ಕೆಲವು ನಿಮಿಷ ಒಳಗಿನ ಫ್ಯಾನ್ ತಿರುಗುವುದಿಲ್ಲ, ಕಾಯಿಲ್ ಬಿಸಿಯಾಗಲಿ ಎಂದು. ಚಳಿಯಲ್ಲಿ ಹೊರಗಿನ ಕಾಯಿಲಿಗೆ ಹಿಮ ಕಟ್ಟಿದಾಗ ಯಂತ್ರ ಐದು ಹತ್ತು ನಿಮಿಷ ತಾನಾಗಿ ತಿರುಗುಮುರುಗಾಗಿ ಅದನ್ನು ಕರಗಿಸುತ್ತದೆ. ಆಗ ಹೊರಗೆ ಹೊಗೆಯಂತೆ ಆವಿ ಏಳುತ್ತದೆ, ನೀರು ಸುರಿಯುತ್ತದೆ. ನಿಜವಾದ ಕೆಡುಕೆಂದರೆ ಹೀಟ್ ಮೋಡಿನಲ್ಲೂ ತಣ್ಣನೆ ಗಾಳಿಯೇ ಬರುವುದು. ಗ್ಯಾಸಿನ ದಿಕ್ಕು ಬದಲಿಸುವ ನಾಲ್ಕು ದಾರಿಯ ವಾಲ್ವಿನ ಸುರುಳಿ ತಂತಿಯನ್ನು ಓಮ್‌ನಲ್ಲಿ ಅಳೆಯಿರಿ, ತುಂಡಾಗಿದ್ದರೆ ಸುರುಳಿಯನ್ನಷ್ಟೇ ಬದಲಿಸಬಹುದು. ಸುರುಳಿಗೆ ಕರೆಂಟು ಬಂದೂ ವಾಲ್ವು ‘ಚಸ್’ ಎಂದು ಜರುಗದಿದ್ದರೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಅದರ ಮೈಗೆ ಮೆಲ್ಲಗೆ ತಟ್ಟಿ. ಕೆಲವೊಮ್ಮೆ ಸಿಕ್ಕಿಕೊಂಡದ್ದು ಬಿಡಿಸಿಕೊಳ್ಳುತ್ತದೆ.

ಇಷ್ಟೆಲ್ಲ ಆದ ಮೇಲೆ ಗ್ಯಾಸು. ಯಂತ್ರ ನಿಂತಿರುವಾಗ ಗೇಜ್ ಹಚ್ಚಿ ಪ್ರೆಷರ್ ಚೆನ್ನಾಗಿದೆ ಎನ್ನುವವರನ್ನು ನಂಬಬೇಡಿ. ಒಳಗೆ ದ್ರವ ಸ್ವಲ್ಪವೇ ಉಳಿದಿದ್ದರೂ ಗೇಜು ಹೊರಗಿನ ಉಷ್ಣತೆಗೆ ತಕ್ಕ ಒತ್ತಡವನ್ನೇ ತೋರಿಸುತ್ತದೆ. ಓಡುವಾಗ ಸಕ್ಷನ್ (ಕಂಪ್ರೆಸರಿಗೆ ಗ್ಯಾಸು ಮರಳುವ) ಕಡೆ ಆರ್ 22 ಎಂಬ ಗ್ಯಾಸಿಗೆ ಒತ್ತಡ ಸುಮಾರು 65ರಿಂದ 70 ಪಿಎಸ್‌ಐ, ಆರ್ 410ಎ ಮತ್ತು ಆರ್ 32ಕ್ಕೆ ಸುಮಾರು 115ರಿಂದ 130 ಬರಬೇಕು. ಕಮ್ಮಿಯಿದ್ದರೆ ತುಂಬುವ ಮುಂಚೆ ಸೋರಿಕೆ ಹುಡುಕಬೇಕು. ಕೊಳವೆಯ ಅಗಲಿಸಿದ ತುದಿಯನ್ನು (ಫ್ಲೇರ್) ಹಿಡಿದಿಡುವ ನಟ್ಟಿನ ಸುತ್ತ ಎಣ್ಣೆಯ ಪಸೆಗೆ ಧೂಳು ಹತ್ತಿದ್ದರೆ ಅಲ್ಲಿಗೇ ಮೊದಲು ಸೋಪಿನ ನೊರೆ ಹಚ್ಚಿ. ನಟ್ಟನ್ನು ಅತಿಯಾಗಿ ಬಿಗಿದರೂ ಫ್ಲೇರ್ ಸೀಳುತ್ತದೆ: ಕಾಲು ಇಂಚಿನದಕ್ಕೆ ಸುಮಾರು 16, ಅರ್ಧ ಇಂಚಿನದಕ್ಕೆ ಸುಮಾರು 55 ನ್ಯೂಟನ್ ಮೀಟರ್ ಸಾಕು. ಒತ್ತಡ ಪರೀಕ್ಷೆಗೆ ನೈಟ್ರೋಜನ್ ಮಾತ್ರ. ಆಮ್ಲಜನಕ ಕಂಪ್ರೆಸರ್ ಎಣ್ಣೆಗೆ ಸೇರಿದರೆ ಸಿಡಿಯುತ್ತದೆ. ಆರ್ 32 ಬೆಂಕಿ ಹಿಡಿಯುವ ಗ್ಯಾಸಾದ್ದರಿಂದ ಕಿಟಕಿ ತೆರೆದಿರಲಿ, ಹತ್ತಿರ ಉರಿ ಬೇಡ. ಈ ಹಂತ ಉಪಕರಣವೂ ತರಬೇತಿಯೂ ಇರುವವರ ಕೆಲಸ. ನೀವು ಪಕ್ಕದಲ್ಲಿ ನಿಂತು ನೋಡಬೇಕಾದದ್ದು ಎರಡು. ವ್ಯಾಕ್ಯೂಮ್ ಪಂಪು ಕೊಳವೆಯೊಳಗಿನ ಗಾಳಿಯನ್ನು ಎಳೆದು ಒತ್ತಡವನ್ನು 500 ಮೈಕ್ರಾನಿಗಿಂತ ಕೆಳಗಿಳಿಸಿ, ಪಂಪು ನಿಲ್ಲಿಸಿದ ಮೇಲೂ ಮುಳ್ಳು ಏರದೆ ನಿಂತಿತೇ? ಯಂತ್ರದ ಪಟ್ಟಿಯ ಮೇಲೆ ಬರೆದಿರುವಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿದರೇ? ಆರ್ 410ಎ ಎರಡು ಗ್ಯಾಸುಗಳ ಮಿಶ್ರಣ, ಸಿಲಿಂಡರಿನಿಂದ ದ್ರವವಾಗಿಯೇ ಬಿಡಬೇಕು. ಹೊರಡುವ ಮುನ್ನ ಸರ್ವಿಸ್ ವಾಲ್ವಿನ ಹಿತ್ತಾಳೆ ಮುಚ್ಚಳಗಳು ಮರಳಿ ಕೂತವೇ ಎಂದೂ ನೋಡಿ. ಒಳಗಿನ ಪಿನ್ನು ಮೆಲ್ಲಗೆ ಸೋರಿದರೆ ಗ್ಯಾಸನ್ನು ತಡೆದು ನಿಲ್ಲಿಸುವುದು ಆ ಮುಚ್ಚಳವೇ, ಮಣ್ಣಿನಲ್ಲಿ ಉರುಳಿ ಕಳೆದುಹೋಗುವುದೂ ಅದೇ.