ಕರೆಂಟ್ ಉಳಿಸುವ ಡಬ್ಬಿಯನ್ನು ಮೀಟರಿನಿಂದಲೇ ಅಳೆದೆ

ಪ್ಲಗ್ಗಿಗೆ ಚುಚ್ಚಿದರೆ ಬಿಲ್ಲು ಇಳಿಯುತ್ತದೆ ಅಂತ ಮಾರುವ ಕರೆಂಟ್ ಉಳಿಸುವ ಡಬ್ಬಿಯಿಂದ ಬಿಲ್ಲು ಇಳಿಯುವುದಿಲ್ಲ ಅಂತ ಬಾಯಲ್ಲಿ ಹೇಳಿದರೆ ಉಡುಪಿಯಲ್ಲಿ ಯಾರೂ ಕೇಳುವುದಿಲ್ಲ. ಮಾರುವವನ ಹತ್ತಿರ ವಯರನ್ನು ಕಚ್ಚಿ ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಇರುತ್ತದೆ. ಸಣ್ಣ ಮೋಟಾರು ಓಡಿಸಿ ಡಬ್ಬಿ ಚುಚ್ಚುತ್ತಾನೆ. ಒಂದೂವರೆ ಆಂಪಿಯರ್ ಇದ್ದದ್ದು ಒಂದೂಕಾಲಿನ ಹತ್ತಿರ ಬರುತ್ತದೆ. ಅವನು ತೋರಿಸುವುದು ಸುಳ್ಳಲ್ಲ, ಕಷ್ಟ ಇರುವುದೇ ಅಲ್ಲಿ.

ಒಳಗೆ ಏನುಂಟು ಅಂತ ಕರೆಂಟ್ ಕೆಲಸದ ನಮ್ಮ ಕಸುಬಿನವರಿಗೆ ಗೊತ್ತು. ನಾನು ಬಿಚ್ಚಿದ್ದರಲ್ಲಿ ಐದು ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್, ಒಂದೆರಡು ರೆಸಿಸ್ಟರ್, ಹಸಿರು ಎಲ್‌ಇಡಿ. ಕಾರ್ಖಾನೆಗಾದರೆ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಬಿದ್ದರೆ ದಂಡ, ಅಲ್ಲಿ ಕೆಪಾಸಿಟರ್‌ಗೆ ಬೆಲೆ ಉಂಟು. ಅದು ಇಳಿಸುವುದು ಕೆಲಸ ಮಾಡದೆ ಸುಮ್ನೆ ಹೋಗಿಬರುವ ಆಂಪಿಯರನ್ನು ಮಾತ್ರ. ಮನೆಗೆ ಬಿಲ್ಲು ಬರುವುದು ಕೆಲಸಕ್ಕೆ ಬಿದ್ದ ಯೂನಿಟ್ಟಿಗೆ, ಆಂಪಿಯರಿಗಲ್ಲ. ಇದನ್ನು ಗಿರಾಕಿಗಳಿಗೆ ಹೇಳಿ ಹೇಳಿ ಸಾಕಾಗಿತ್ತು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ಡಬ್ಬಿಗೆ ಕೇಳುವವರು ಜಾಸ್ತಿಯಾದರು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೆ ಅಲ್ವಾ? ಎಪ್ರಿಲ್, ಮೇ ಸೆಕೆಗೆ ಹಗಲು ರಾತ್ರಿ ಫ್ಯಾನು. 195ರಲ್ಲಿದ್ದವರು 210ಕ್ಕೆ ಹೋಗುತ್ತಾರೆ. ಆ ಹತ್ತು ಯೂನಿಟ್ ಇಳಿಸಲು ಏಳೆಂಟುನೂರು ಕೊಡಲು ಜನ ತಯಾರು.

ಅಳೆದೇ ತೋರಿಸುವ ಅಂತ ಮೊದಲು ತರಿಸಿದ್ದು ವಯರಿಗೆ ಕ್ಲಿಪ್ ಹಾಕುವ ಅಗ್ಗದ ಮಾನಿಟರ್. ಸಾವಿರದ ಎಂಟುನೂರೋ ಏನೋ ಆಯಿತು. ಅದೂ ಡಬ್ಬಿ ಚುಚ್ಚಿದ ಕೂಡಲೇ ವ್ಯಾಟ್ ಇಳಿಸಿ ತೋರಿಸಿತು! ಅದಕ್ಕೆ ವೋಲ್ಟೇಜಿನ ವಯರೇ ಇಲ್ಲ. ಆಂಪಿಯರನ್ನು 230ರಿಂದ ಗುಣಿಸಿ ವ್ಯಾಟ್ ಅಂತ ಹೇಳುತ್ತದೆ. ಮಾರುವವನ ಆಟವನ್ನೇ ನನ್ನ ದುಡ್ಡಿನಲ್ಲಿ ಇನ್ನೊಮ್ಮೆ ನೋಡಿದ ಹಾಗಾಯಿತು. ಈಗ ಅದು ಅಟ್ಟದಲ್ಲಿ ಉಂಟು.

ಬಿಲ್ಲು ಮಾಡುವ ಮೀಟರನ್ನೇ ಕೇಳಿದರೆ ಆಯಿತಲ್ಲ ಅನಿಸಿತು. ಮೀಟರಿನ ಮೇಲೆ ಕೆಂಪು ದೀಪ ಮಿಟುಕುತ್ತದೆ. ನಮ್ಮದರಲ್ಲಿ ಯೂನಿಟ್ಟಿಗೆ 3200 ಸಲ, ಮುಖದ ಮೇಲೇ ಬರೆದಿದೆ. ಹಾಗಾದರೆ 75 ವ್ಯಾಟಿನ ಫ್ಯಾನ್ ಒಂದೇ ಓಡಿದರೆ 15 ಸೆಕೆಂಡಿಗೆ ಒಂದು ಮಿಟುಕು. ಜೊತೆಯವನೊಬ್ಬ ನಕ್ಕ. "ಮಿಟುಕು ಎಣಿಸಿ ಕೂತರೆ ಕೂಲಿ ಯಾರು ಕೊಡ್ತಾರೆ ಮಾರಾಯ?"

ಎಣಿಸಲು ದೀಪದ ಮೇಲೆ ಬೆಳಕು ಗುರುತಿಸುವ ಎಲ್‌ಡಿಆರ್ ಅಂಟಿಸಿ, ಲೆಕ್ಕ ಇಡಲು ಆರ್ಡುಯಿನೋ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡಿಗೆ ಕೊಟ್ಟೆ. ಮೀಟರ್ ಇರುವುದು ಚಾವಡಿಯ ಹೊರಗೋಡೆಯಲ್ಲಿ. ಬೆಳಿಗ್ಗೆಯ ಬಿಸಿಲು ಬಿದ್ದರೆ ಲೆಕ್ಕ ನಿಂತೇಹೋಗುತ್ತಿತ್ತು. ಕಪ್ಪು ಟೇಪ್ ಸುತ್ತಿದೆ, ಸೆಕೆಗೆ ಅಂಟು ಬಿಟ್ಟಿತು. ಮಳೆ ಶುರುವಾದ ಮೇಲೆ ಕನೆಕ್ಟರಿಗೆ ಪಾಚಿಬಣ್ಣದ ತುಕ್ಕು, ಒಳಗೆ ಇರುವೆ. ಕೊನೆಗೆ ಎಲ್‌ಡಿಆರ್ ಬಿಟ್ಟು, ಬೆಳಕನ್ನು ಅದಕ್ಕಿಂತ ಬೇಗ ಹಿಡಿಯುವ ಫೋಟೋಟ್ರಾನ್ಸಿಸ್ಟರ್ ಹಾಕಿದೆ. ಬಿಸಿಲು ಬೀಳದ ಹಾಗೆ ಮುಚ್ಚಲು ಬಳಸಿದ್ದು ಅಡುಗೆಮನೆಯ ಒಂದು ವಸ್ತು, ಯಾವುದೆಂದು ಇಲ್ಲಿ ಹೇಳುವುದಿಲ್ಲ. ಎಲ್ಲ ಸೇರಿ ಆರುನೂರರ ಒಳಗೆ. ಮೀಟರಿನ ಸೀಲು ಮುಟ್ಟುವ ಕೆಲಸ ಇಲ್ಲ, ಮುಟ್ಟಲೂ ಬಾರದು.

ಪರೀಕ್ಷೆಗೆ ಫ್ರಿಜ್ ಆಗುವುದಿಲ್ಲ, ಅದು ಬೇಕಾದಾಗ ಓಡುತ್ತದೆ, ಬೇಕಾದಾಗ ನಿಲ್ಲುತ್ತದೆ. ನಾನು ಇಟ್ಟದ್ದು ಹಳೇ ನೂರು ವ್ಯಾಟಿನ ಬಲ್ಬು, ಒಂದು ಸೀಲಿಂಗ್ ಫ್ಯಾನು, ಟ್ಯಾಂಕಿಯ ನೀರನ್ನು ಅದೇ ಟ್ಯಾಂಕಿಗೆ ತಿರುಗಿಸುವ ಅರ್ಧ ಎಚ್‌ಪಿ ಪಂಪು. ರಾತ್ರಿ ಹನ್ನೊಂದರ ಮೇಲೆ, ವೋಲ್ಟೇಜ್ ಕುಣಿಯುವುದು ಕಮ್ಮಿಯಾದಾಗ. ಡಬ್ಬಿಯ ಮೇಲೆ ಚೀಲ ಮುಚ್ಚಿ ಸ್ವಿಚ್ಚನ್ನು ಮಗಳ ಕೈಗೆ ಕೊಟ್ಟೆ. ಯಾವಾಗ ಹಾಕಿದಳು, ಯಾವಾಗ ತೆಗೆದಳು ಅಂತ ಅವಳ ಪುಸ್ತಕದಲ್ಲಿ ಮಾತ್ರ. ವಾರದ ನಂತರ ತಾಳೆ ನೋಡಿದರೆ ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ಅದೂ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಕ್ಲ್ಯಾಂಪ್ ಮೀಟರ್ ಮಾತ್ರ ಪ್ರತಿ ಸಲ ಆಂಪಿಯರ್ ಇಳಿದದ್ದನ್ನು ತೋರಿಸಿತು. ಆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ನಕ್ಕವನೇ ಇಂಥದ್ದೊಂದು ಮಾಡಿಕೊಡು ಅಂತ ಬಂದ.

ಕೈಗೆ ಸಾಧನ ಸಿಕ್ಕಿದ ಮೇಲೆ ಸುಮ್ನೆ ಕೂರಲು ಆಗುತ್ತದಾ? ಬಿಎಲ್‌ಡಿಸಿ ಫ್ಯಾನು, ಅಂದರೆ ಒಳಗೆ ಎಲೆಕ್ಟ್ರಾನಿಕ್ ಸರ್ಕಿಟ್ ಇರುವ ಹೊಸ ನಮೂನೆಯದು, ಮಾಮೂಲಿಯ ಅರ್ಧಕ್ಕಿಂತ ಕಮ್ಮಿ ಕರೆಂಟ್ ತಿನ್ನುತ್ತದೆ ಅನ್ನುವ ಮಾತೂ ಬರೀ ಜಾಹೀರಾತು ಅಂದುಕೊಂಡಿದ್ದೆ. ಫುಲ್ ಸ್ಪೀಡಿನಲ್ಲಿ ಒಂದು ಮಿಟುಕಿಗೆ 35 ಸೆಕೆಂಡು, ಅಂದರೆ 32 ವ್ಯಾಟ್! ಹೇಳಿದ್ದು ನಿಜ. ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ಒಂದು ಫ್ಯಾನಿಗೆ ತಿಂಗಳಿಗೆ ಹದಿನೈದು ಯೂನಿಟ್ ಉಳಿತಾಯ. ಬೆಲೆ ಮಾಮೂಲಿ ಫ್ಯಾನಿನ ಹೆಚ್ಚುಕಮ್ಮಿ ಎರಡರಷ್ಟು. ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ಅದರ ಸರ್ಕಿಟ್ ಹೋಗುವುದೂ ಉಂಟು, ಮಾರುವವರು ಅದನ್ನು ಹೇಳುವುದಿಲ್ಲ.

ಪಕ್ಕದ ಮನೆಯ ಮಾಸ್ಟ್ರು ಎರಡು ಡಬ್ಬಿ ಹಾಕಿದ್ದರು, ಆದರೂ ಬಿಲ್ಲಿನಲ್ಲಿ 212 ಯೂನಿಟ್. "ಮಾಸ್ಟ್ರೇ, ಡಬ್ಬಿ ಇರಲಿ, ಮೊದಲು ಪಂಪು ನೋಡುವ" ಅಂದೆ. ಪೈಪಿನ ನೀರು ಬಾವಿಗೆ ವಾಪಸು ಇಳಿಯದ ಹಾಗೆ ಅದರ ತುದಿಯಲ್ಲಿ ತಡೆಯುವ ಫುಟ್ ವಾಲ್ವ್ ಸೋರುತ್ತಿತ್ತು. ಪ್ರತಿ ಸಲ ಪೈಪಿನ ನೀರು ಇಳಿದು, ಪಂಪು ಸುಮ್ನೆ ತಿರುಗಿ ಬಿಸಿಯಾಗುತ್ತಿತ್ತು. ವಾಲ್ವ್ ಬದಲಿಸಿ, ಮಲಗುವ ಕೋಣೆಗೆ ಒಂದು ಬಿಎಲ್‌ಡಿಸಿ ಹಾಕಿದೆ. ಮರುತಿಂಗಳು 190 ಯೂನಿಟ್ಟಿನ ಆಸುಪಾಸು, ಬಿಲ್ಲು ಸಾವಿರದ ಮೇಲಿಂದ ಸೊನ್ನೆಗೆ ಹತ್ತಿರ. ಡಬ್ಬಿ ಎರಡನ್ನೂ ಮಾಸ್ಟ್ರು ಇನ್ನೂ ತೆಗೆದಿಲ್ಲ. ಬಿಲ್ಲು ಇಳಿದದ್ದು ಅವುಗಳಿಂದಲೂ ಇರಬಹುದಂತೆ. ನನ್ನ ಕೂಲಿ ಮಾತ್ರ ಪೂರ್ತಿ ಕೊಟ್ಟರು.