ಟೆಲಿಮೆಡಿಸಿನ್‌ಗೆ ಕ್ಯಾಮೆರಾ ಆಮೇಲೆ, ನರ್ಸ್ ಮೊದಲು

ದೂರದ ತಜ್ಞ ವೈದ್ಯರ ಸಲಹೆಯನ್ನು ಊರಲ್ಲೇ ಕೊಡಿಸುವ ಟೆಲಿಮೆಡಿಸಿನ್ ಕೇಂದ್ರ ತೆರೆಯಲು ಹೊರಟವರು ಮೊದಲು ಕೇಳುವುದು ಯಾವ ಕ್ಯಾಮೆರಾ, ಎಷ್ಟು ದೊಡ್ಡ ಪರದೆ ಎಂದು. ನಾವು ಮೊದಲು ವಿಚಾರಿಸುವುದು ರೋಗಿಯ ಪಕ್ಕ ಕೂರುವ ನರ್ಸ್ ಯಾರು, ಈ ಕೆಲಸ ಅವರ ಡ್ಯೂಟಿ ಪಟ್ಟಿಯಲ್ಲಿ ಇದೆಯೇ ಎಂದು. ಪಟ್ಟಿಯಲ್ಲಿ ಇಲ್ಲದಿದ್ದರೆ ಲಸಿಕೆ, ಹೆರಿಗೆ, ತಿಂಗಳ ವರದಿಗಳ ನಡುವೆ ಇದು ಹಿಂದೆ ಬೀಳುತ್ತದೆ, ಯಂತ್ರ ಧೂಳು ತಿನ್ನುತ್ತದೆ. ಪ್ರತಿ ಕೇಂದ್ರದಲ್ಲೂ ಇಬ್ಬರಿಗೆ ತರಬೇತಿ ಕೊಡುತ್ತೇವೆ. ಒಬ್ಬರಿಗೆ ವರ್ಗವಾದರೂ ಕೆಲಸ ನಿಲ್ಲಬಾರದು.

ಇನ್ನು ವಿಡಿಯೋ ಮೋಹ. ವಿಡಿಯೋ ಕರೆಗೆ ವೈದ್ಯರು, ರೋಗಿ, ನೆಟ್‌ವರ್ಕ್, ಕರೆಂಟ್ ಎಲ್ಲವೂ ಒಂದೇ ಹೊತ್ತಿಗೆ ಕೂಡಿಬರಬೇಕು. ಚರ್ಮರೋಗ, ಎಕ್ಸ್‌ರೇ, ಮಾಯದ ಗಾಯಗಳಿಗೆ ಫೋಟೊ ಮತ್ತು ವಿವರ ಕಳಿಸಿ, ಉತ್ತರ ಬಂದಾಗ ನೋಡಿಕೊಂಡರೆ ಬಹುಪಾಲು ಸಾಕು. ಬ್ರಿಟನ್ನಿನ ಸ್ವಿನ್‌ಫೆನ್ ಚಾರಿಟಬಲ್ ಟ್ರಸ್ಟ್ 1999ರಲ್ಲಿ ಬಾಂಗ್ಲಾದೇಶದ ಸಾವರ್‌ನಲ್ಲಿ ಇಂಥ ಸಲಹಾ ಸೇವೆ ಆರಂಭಿಸಿದಾಗ ಬಳಸಿದ್ದು ಡಿಜಿಟಲ್ ಕ್ಯಾಮೆರಾ, ಟ್ರೈಪಾಡ್, ಇಮೇಲ್ ಅಷ್ಟೇ.

ಕಳಿಸುವುದನ್ನು ಮಾತ್ರ ಸರಿಯಾಗಿ ಕಳಿಸಬೇಕು. ಚರ್ಮದ ತೊಂದರೆಗೆ ನಾವು ಮೂರು ಫೋಟೊ ಕೇಳುತ್ತೇವೆ: ದೇಹದ ಯಾವ ಭಾಗವೆಂದು ತಿಳಿಯುವಂತೆ ದೂರದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು, ಹತ್ತಿರದಿಂದ ಒಂದು. ಕಿಟಕಿಯ ಬೆಳಕಿರಲಿ, ಫ್ಲ್ಯಾಶ್ ಬೇಡ. ಹೊಳಪಿನಲ್ಲಿ ಗುಳ್ಳೆಯ ಅಂಚು ಮಾಯವಾಗುತ್ತದೆ.

ಇಸಿಜಿಯಲ್ಲಿ (ಹೃದಯದ ವಿದ್ಯುತ್ ಚಟುವಟಿಕೆಯ ಗೆರೆಚಿತ್ರ) ತಪ್ಪಾಗುವುದು ಹೆಚ್ಚಾಗಿ ಯಂತ್ರದಿಂದಲ್ಲ, ಎಲೆಕ್ಟ್ರೋಡ್ ಅಂಟಿಸುವ ಜಾಗದಿಂದ. ಎದೆಯ ವಿ1, ವಿ2 ಎಲೆಕ್ಟ್ರೋಡ್‌ಗಳು ಇರಬೇಕಾದದ್ದು ಎದೆಮೂಳೆಯ ಎರಡು ಬದಿ, ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ. ಅವಸರದಲ್ಲಿ ಎರಡನೇ ಸಂದಿಗೆ ಅಂಟಿಸಿದರೆ ಹಳೆಯ ಹೃದಯಾಘಾತದಂತೆ ಕಾಣುವ ಗೆರೆ ಬರಬಹುದು. ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಅಡ್ಡ ಉಬ್ಬಿನ ಪಕ್ಕದ್ದೇ ಎರಡನೇ ಪಕ್ಕೆಲುಬು. ಅದರ ಕೆಳಗಿನದು ಎರಡನೇ ಸಂದಿ. ಅಲ್ಲಿಂದ ಬೆರಳಿಟ್ಟು ಎಣಿಸುವುದನ್ನೇ ಕಲಿಸುತ್ತೇವೆ. ಲೀಡ್ 1, ಅಂದರೆ ಎರಡು ಕೈಗಳ ನಡುವಿನ ಗೆರೆ, ಪೂರ್ತಿ ತಲೆಕೆಳಗಾಗಿದ್ದರೆ ಮೊದಲು ಕೈಗಳ ತಂತಿ ಅದಲುಬದಲಾಗಿದೆಯೇ ನೋಡಬೇಕು. ಕಾಗದದ ವೇಗ ಸೆಕೆಂಡಿಗೆ 25 ಮಿ.ಮೀ. ಎಂಬುದು ಫೋಟೊದಲ್ಲಿ ಓದುವಂತಿರಲಿ.

ಆ ಕಡೆ ತಜ್ಞರ ಉತ್ತರಕ್ಕೆ ಗಡುವು ಬೇಕು. ತುರ್ತಲ್ಲದ ಪ್ರಕರಣಕ್ಕೆ 24 ಗಂಟೆ ಇಟ್ಟುಕೊಂಡಿದ್ದೇವೆ. ಪ್ರಕರಣಗಳನ್ನು ತಜ್ಞರಿಗೆ ಹಂಚುವುದಕ್ಕೇ ಒಬ್ಬ ಸಂಯೋಜಕರಿರುತ್ತಾರೆ. ತಜ್ಞರು ಕೆಲವು ಗಂಟೆಗಳಲ್ಲಿ ಒಪ್ಪಿಕೊಳ್ಳದಿದ್ದರೆ ಪ್ರಕರಣ ಇನ್ನೊಬ್ಬರಿಗೆ ಹೋಗುತ್ತದೆ. ‘ಎಲ್ಲರಿಗೂ ಕಳಿಸಿದ್ದೇವೆ’ ಎಂದರೆ ಯಾರೂ ನೋಡುವುದಿಲ್ಲ ಎಂದೇ ಅರ್ಥ. ಎದೆನೋವು, ಉಸಿರಾಟದ ತೊಂದರೆಯಂಥ ತುರ್ತಿಗೆ ಈ ಸಾಲು ಬೇಡ. ನೇರ ಫೋನ್ ಮಾಡಬೇಕು, ಜೊತೆಗೇ ವಾಹನ ಹೊರಡಿಸಬೇಕು.

ಸಲಹೆ ಬಂದರೂ ಔಷಧಿ ಇಲ್ಲದಿದ್ದರೆ ರೋಗಿ ಎರಡನೇ ಸಲ ಬರುವುದಿಲ್ಲ. ಆದ್ದರಿಂದ ಕೇಂದ್ರದಲ್ಲಿರುವ ಔಷಧಿಗಳ, ಪರೀಕ್ಷೆಗಳ ಪಟ್ಟಿ ತಜ್ಞರ ಪರದೆಯಲ್ಲೇ ಕಾಣಬೇಕು. ಎಂಆರ್‌ಐ ಮಾಡಿಸಿ ಎಂಬ ಸಲಹೆಯಿಂದ ಎಕ್ಸ್‌ರೇ ಕೂಡ ಇಲ್ಲದ ಕಡೆ ಏನುಪಯೋಗ?

ಕರೆಂಟಿನ ಲೆಕ್ಕ ಸುಲಭ. ಲ್ಯಾಪ್‌ಟಾಪ್, ರೌಟರ್ ಸೇರಿ 60 ವ್ಯಾಟ್ ಎನ್ನಿ. 12 ವೋಲ್ಟ್, 100 ಎಎಚ್ (ಆಂಪಿಯರ್-ಅವರ್) ಲೆಡ್-ಆಸಿಡ್ ಬ್ಯಾಟರಿಯಲ್ಲಿ 1,200 ವ್ಯಾಟ್-ಅವರ್ ಇದ್ದರೂ ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬೇಗ ಹಾಳಾಗುತ್ತದೆ. ಇನ್ವರ್ಟರ್ ನಷ್ಟ ಕಳೆದರೆ ಸುಮಾರು 8 ಗಂಟೆ ಸಿಗುತ್ತದೆ. ಅದಕ್ಕೆ ಫ್ರಿಜ್ ಸಿಕ್ಕಿಸಿದರೆ ಈ ಲೆಕ್ಕವೆಲ್ಲ ಕೆಡುತ್ತದೆ, ಯಾರಾದರೂ ಸಿಕ್ಕಿಸಿಯೇ ತೀರುತ್ತಾರೆ; ಬೇರೆ ಪ್ಲಗ್ ಹಿಡಿಸದ ಸಾಕೆಟ್ ಹಾಕಿಸಿ.

ವರದಿಯಲ್ಲಿ ಕರೆಗಳ ಸಂಖ್ಯೆಯ ಪಕ್ಕ ಇನ್ನೆರಡು ಕಾಲಂ ಇಡುತ್ತೇವೆ: ಬರೆದ ಔಷಧಿ ಸಿಕ್ಕಿತೇ, ಎರಡು ವಾರದ ಮೇಲೆ ರೋಗಿ ಹೇಗಿದ್ದಾರೆ. ಈ ಉತ್ತರ ತಜ್ಞರಿಗೂ ಹೋಗುತ್ತದೆ.